ಹಾರ ತೆಗೆದ ಫೋಟೋ

ಮಾರ್ಚ್ 3, ಸೋಮವಾರ
ಎಪಿಸೋಡ್ 412 ಚಾನೆಲ್‌ಗೆ ಹೋಯಿತು. ಉತ್ತರಹಳ್ಳಿ ಮನೆಯಲ್ಲಿ ಶೂಟಿಂಗ್ ನಡೆದೇ ಇದೆ. ಬೈರಣ್ಣ ಒಬ್ಬರೇ ಇಲ್ಲ — ಆಸ್ಪತ್ರೆಯಲ್ಲಿ ಆರನೇ ದಿನ. ಸೀರಿಯಲ್ ಕಂಪನಿ ಅವರದು, ಮನೆಯೂ ಅವರದೇ. ಕಥೆ, ಎಡಿಟಿಂಗ್ ನನ್ನ ತಲೆನೋವು. ಹತ್ತೊಂಬತ್ತು ವರ್ಷದಿಂದ ಹೀಗೇ.

ಇವತ್ತು ನಾಯಕಿ ತೀರಿಕೊಂಡ ಅಪ್ಪನ ಫೋಟೋ ಮುಂದೆ ಅತ್ತಳು. ಫೋಟೋ ಬೈರಣ್ಣನದೇ. ಕಂಪನಿ ಶುರುವಾದ ಪದ್ಮನಾಭನಗರದ ಗ್ಯಾರೇಜಿನಲ್ಲಿ, ಪೂಜೆಯ ದಿನ ನಾನೇ ತೆಗೆದದ್ದು. ಮೊದಲ ಸೀರಿಯಲ್‌ಗೆ ಸತ್ತವರ ಫೋಟೋ ಬೇಕಾದಾಗ, ಬದುಕಿರುವವರು ಯಾರು ಒಪ್ಪುತ್ತಾರೆ? "ನಂದೇ ಹಾಕು ಮಧು. ಹಾರ ಬಿದ್ದಷ್ಟೂ ಆಯಸ್ಸು ಗಟ್ಟಿ" ಎಂದು ನಕ್ಕಿದ್ದರು. ಒಂಬತ್ತು ಸೀರಿಯಲ್, ಒಂಬತ್ತು ಸಲ ಸತ್ತರು. ಫೋಟೋದಲ್ಲಿ ಮೀಸೆ ಇನ್ನೂ ಕಪ್ಪು.

ಮಾರ್ಚ್ 6, ಗುರುವಾರ
ಐಸಿಯು ಹೊರಗೆ ಅವರ ಹೆಂಡತಿ ಲಕ್ಷ್ಮಿದೇವಮ್ಮ. ವೇಟಿಂಗ್ ಹಾಲ್ ಟಿವಿಯಲ್ಲಿ ನಮ್ಮದೇ ಸೀರಿಯಲ್ ಬಂದಿತ್ತಂತೆ. ಗಂಡನ ಫೋಟೋ, ಅದಕ್ಕೆ ಹಾರ. ಪಕ್ಕದಲ್ಲಿ ಕುಳಿತವರು "ಪಾಪ" ಅಂದರಂತೆ.

"ಒಳ್ಗೆ ಅವ್ರು ಉಸ್ರಿಗೆ ಒದ್ದಾಡ್ತಾವ್ರೆ. ಇಲ್ಲಿ ನೀನು ಹಾರ ಹಾಕ್ಸಿದೀಯ. ತೆಗ್ಸು ಮಧು."

"ಕಥೇಲಿ ಸತ್ತೋಗಿದಾರಲ್ಲ ಅಕ್ಕ..."

"ನಿಮ್ ಸೀರಿಯಲ್ಲಲ್ಲಿ ಸತ್ತೋರೆಲ್ಲ ವಾಪಸ್ ಬರ್ತಾರೆ. ಇವ್ರನ್ನೂ ಬರ್ಸು."

ನಗು ಬರಬೇಕಿತ್ತು. ಬರಲಿಲ್ಲ. ಕೈ ಹಿಡಿದು ಮಾತು ಕೊಟ್ಟುಬಂದೆ.

ಮಾರ್ಚ್ 7
ಚಾನೆಲ್‌ನ ಶ್ವೇತ ಒಪ್ಪಿದಳು. "ಅಪ್ಪ ವಾಪಸ್ಸಾ! ಸಖತ್ ಟ್ವಿಸ್ಟ್ ಮೇಡಂ." ಕಾರಣ ಹೇಳಲು ಮನಸ್ಸಾಗಲಿಲ್ಲ.

ಮಾರ್ಚ್ 10, ಸೋಮವಾರ
ಶೂಟ್ ಮಾಡಿದೆವು. ಅಪ್ಪ ಬದುಕಿದ್ದಾನೆ ಎಂದು ಫೋನ್ ಬರುತ್ತದೆ, ಮಗಳು ಹಾರ ತೆಗೆಯುತ್ತಾಳೆ. ಬಟ್ಟೆ ಹೂವಿನ ಹಾರ, ಮೊಳೆಗೆ ಸಿಕ್ಕಿಕೊಂಡಿತು. ಮೂರು ಟೇಕ್ ಹಾಳು. ಕೊನೆಗೆ ಲೈಟ್ ಮುನಿಯಣ್ಣ ಸ್ಟೂಲ್ ಹತ್ತಿ ಮೊಳೆ ಬಗ್ಗಿಸಿದ. "ಅಣ್ಣ ಬಂದ್ಮೇಲೆ ಬಿರಿಯಾನಿ ಕೊಡಿಸ್ಲೇಬೇಕು." ನಾಲ್ಕನೇ ಟೇಕ್ ಓಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು.

ಪ್ರಸಾರ ಶುಕ್ರವಾರ. ಅಲ್ಲಿಯವರೆಗೆ ಇದ್ದುಬಿಡಿ ಬೈರಣ್ಣ...

ಮಾರ್ಚ್ 17
ಗುರುವಾರ ಬೆಳಗ್ಗೆ ಹೋದರು. ಒಂದು ದಿನ. ಒಂದೇ ಒಂದು ದಿನ.

ಶುಕ್ರವಾರ ಸಂಜೆ ಏಳಕ್ಕೆ ಊರೆಲ್ಲ ಟಿವಿಯಲ್ಲಿ ಹಾರ ಇಳಿಯಿತು. ಆ ಹೊತ್ತಿಗೆ ಉತ್ತರಹಳ್ಳಿ ಮನೆಯ ಅದೇ ಹಾಲಿನಲ್ಲಿ, ಅದೇ ಫೋಟೋಗೆ ಸೇವಂತಿಗೆ ಹಾರ, ಮುಂದೆ ದೀಪ. ಬೇರೆ ಫೋಟೋ ತರಿಸಿದ್ದೆ. ಲಕ್ಷ್ಮಿದೇವಮ್ಮನೇ ಬೇಡವೆಂದರು. "ಇದ್ರಲ್ಲೇ ಚೆನ್ನಾಗಿ ನಗ್ತಾವ್ರೆ."

ಆ ಫೋಟೋ ನಾನು ತೆಗೆಯಬಾರದಿತ್ತು. ತೆಗೆದರೂ ಗೋಡೆಗೆ ಹಾಕಬಾರದಿತ್ತು. ಎಲ್ಲ ಮೂಢನಂಬಿಕೆ, ಗೊತ್ತು.

ಮಾರ್ಚ್ 24, ಸೋಮವಾರ
ನಿನ್ನೆ ಹನ್ನೊಂದನೇ ದಿನ ಮುಗಿಯಿತು. ಇವತ್ತು ಶ್ವೇತಳ ಫೋನ್.

"ಸಾರಿ ಮೇಡಂ, ಈಗ ಕೇಳ್ಬಾರ್ದು... ಅಪ್ಪನ ಎಂಟ್ರಿಗೆ ಜನ ಕಾಯ್ತಿದಾರೆ. ಬೇರೆ ಆರ್ಟಿಸ್ಟ್ ಹಾಕ್ತೀರಾ? ಇಲ್ಲಾಂದ್ರೆ ಮತ್ತೆ ಸಾಯ್ಸಿಬಿಡಿ."

ಲಕ್ಷ್ಮಿದೇವಮ್ಮನನ್ನು ಕೇಳಿದೆ.

"ಬೇರೆಯವ್ರನ್ನ ನಿಲ್ಲಿಸ್ಬೇಡ. ಹಾರಾನೂ ಹಾಕ್ಬೇಡ. ಅಲ್ಲಾದ್ರೂ ಮನೆಗೆ ಬರ್ಲಿ."

ಮಧ್ಯಾಹ್ನ ಬರೆಯಲು ಕುಳಿತೆ.

ಎಪಿಸೋಡ್ 430. ಸೀನ್ 1. ಹಗಲು. ಮನೆಯ ಹಾಲ್. ಗೋಡೆಯ ಮೇಲೆ ಅಪ್ಪನ ಫೋಟೋ, ಹಾರವಿಲ್ಲ. ಕಾಲಿಂಗ್ ಬೆಲ್. ಮಗಳು ಓಡಿಹೋಗಿ ಬಾಗಿಲು ತೆರೆಯುತ್ತಾಳೆ. ಎದುರಿಗೆ —