ಸಿಂಚನಳ ತುತ್ತಿನ ಮುಳ್ಳು

ಪ್ರಮೋದಾ,

ಚೆನ್ನಾಗಿದ್ದೀಯಾ? ಈ ಕಾಗದ ತಂದ ದೊಡ್ಡಬೀರಪ್ಪನ ಕೈಯಲ್ಲಿರುವ ಚೀಲವನ್ನು ಮೊದಲು ಇಸಕೊಂಡು ಒಳಗಿಡು, ಬೆಕ್ಕು ಬಂದೀತು. ಆಮೇಲೆ ಕೂತು ಈ ಕಾಗದ ಓದು. ಚೀಲದಲ್ಲಿರುವುದು ಕಾಟ್ಲಾ ಮೀನು, ನಮ್ಮ ಸಾಸಲಿನ ಕೆರೆಯಲ್ಲಿ ಬೆಳಗಿನ ಬಲೆಗೆ ಬಿದ್ದದ್ದು. ನಾನು ಹಿಂದೆ ಬರುವ ಬಸ್ಸಿಗೆ ಬರುತ್ತೇನೆಂದು ಬಾಗಿಲು ನೋಡಬೇಡ. ಈ ಭಾನುವಾರ ಮುಳ್ಳು ತೆಗೆದು ಸಿಂಚನಳಿಗೆ ಉಣ್ಣಿಸುವವಳು ನೀನು.

ಮುದುಕಿ ಮುನಿಸಿಕೊಂಡು ಕೂತಳು ಎಂದುಕೊಳ್ಳುತ್ತೀಯ. ಮುನಿಸು ಇದ್ದದ್ದು ನಿಜ. ಬುಧವಾರ ನೀನು ಫೋನ್ ಮಾಡಿ, "ಅಮ್ಮ, ಮೀನಿನ ಮುಳ್ಳು ಹೆಂಗ್ ತೆಗೀಬೇಕು ಅಂತ ಒಂಚೂರು ಹೇಳ್ಕೊಡ್ತೀರಾ?" ಎಂದಾಗ "ಒಲೆ ಮೇಲೆ ಹಾಲಿಟ್ಟಿದ್ದೀನಿ, ಇಡಮ್ಮ" ಎಂದೆನಲ್ಲ, ಒಲೆ ಹಚ್ಚಿರಲೇ ಇಲ್ಲ. ನನ್ನ ಮಗಳು ಶಶಿರೇಖಾ ತೀರಿಕೊಂಡ ಮೇಲೆ ಆ ಮನೆಗೆ ಬರಲು ನನಗೆ ಉಳಿದಿದ್ದ ನೆಪ ಅದೊಂದೇ. ಅಳಿಯ ಜಯಕುಮಾರ ಈಗ ನಿನ್ನ ಗಂಡ. ಯಾವ ಮುಖ ಇಟ್ಟುಕೊಂಡು ವಾರವಾರ ದೊಡ್ಡಬಳ್ಳಾಪುರಕ್ಕೆ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲಲಿ? ಮಗು ಮೀನು ತಿನ್ನುವುದು ನನ್ನ ಕೈಯಲ್ಲಿ ಮಾತ್ರ, ಅದಕ್ಕೆ ಬಂದೆ ಎನ್ನಬಹುದಿತ್ತು. ಅದನ್ನೂ ನಿನಗೆ ಹೇಳಿಕೊಟ್ಟುಬಿಟ್ಟರೆ ಮೊಮ್ಮಗಳನ್ನು ನೋಡಲು ಇನ್ನೇನು ಹೇಳಿಕೊಂಡು ಬರಲಿ ಅನ್ನಿಸಿತು.

ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಅದಕ್ಕೇ ಕಾಗದ. ಕಾಗದದಲ್ಲಾದರೆ ಬೈದದ್ದನ್ನು ಹೊಡೆದುಹಾಕಬಹುದು. ಎರಡು ಕಡೆ ಹೊಡೆದುಹಾಕಿದ್ದೇನೆ, ಬೆಳಕಿಗೆ ಹಿಡಿದು ಓದಲು ಹೋಗಬೇಡ.

ಈಗ ಕೆಲಸಕ್ಕೆ ಬಾ. ಹೋದ ಸಲ ನೀನು ಅಂಗಡಿಯವನ ಹತ್ತಿರ ಹೋಳು ಮಾಡಿಸಿಕೊಂಡು ಬಂದೆ. ಸಾರಿಗೆ ಅದೇ ಸರಿ, ಮಗುವಿನ ಬಾಯಿಗೆ ಅಲ್ಲ. ಅಡ್ಡಡ್ಡ ಕೊಚ್ಚಿದರೆ ಒಂದು ಉದ್ದ ಮುಳ್ಳು ತುಂಡು ತುಂಡಾಗಿ ಮಾಂಸದಲ್ಲಿ ಅಡಗಿಕೊಳ್ಳುತ್ತದೆ, ಆಮೇಲೆ ಹುಡುಕುತ್ತಾ ಕೂರಬೇಕು. ಅದಕ್ಕೇ ಇಡೀ ಮೀನು ಕಳಿಸಿದ್ದೇನೆ. ಗ್ಯಾಸ್ ಒಲೆಯವರಿಗೆ ಬೂದಿ ಎಲ್ಲಿಂದ ಬರಬೇಕೆಂದು ಒಂದು ಪೊಟ್ಟಣ ಬೂದಿಯೂ ಚೀಲದಲ್ಲಿದೆ. ಮೈಗೆಲ್ಲ ಸವರು, ಜಾರುವುದಿಲ್ಲ. ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆ. ಹೊಟ್ಟೆ ಸೀಳುವಾಗ ಕತ್ತಿ ಆಳಕ್ಕೆ ಹೋಗಿ ಪಿತ್ತ ಒಡೆದರೆ ಎಲ್ಲ ಕಹಿ, ನಿಧಾನ ಮಾಡು.

ತೊಳೆದಾದ ಮೇಲೆ ತಲೆ ತೆಗೆದು, ಕುತ್ತಿಗೆಯ ಕಡೆಯಿಂದ ಕತ್ತಿ ಇಟ್ಟು ನಡುಮುಳ್ಳನ್ನು ಒರಸಿಕೊಂಡೇ ಬಾಲದವರೆಗೆ ಎಳೆ. ಕತ್ತಿಯ ಕೆಳಗೆ ಕರಕರ ಅನ್ನುತ್ತಿರಬೇಕು. ಸದ್ದು ನಿಂತರೆ ಕತ್ತಿ ದಾರಿ ಬಿಟ್ಟು ಮಾಂಸಕ್ಕೆ ನುಗ್ಗಿದೆ ಎಂದು ತಿಳಿ. ಮಗ್ಗುಲು ತಿರುಗಿಸಿ ಆ ಕಡೆಯೂ ಹಾಗೇ. ಎರಡು ಪಕ್ಕೆ ಕೈಗೆ ಬಂತಲ್ಲ, ಹೊಟ್ಟೆಯ ಹತ್ತಿರ ಬಾಚಣಿಗೆಯ ಹಲ್ಲಿನ ಹಾಗಿರುವ ಮುಳ್ಳುಗಳ ಕೆಳಗೆ ಕತ್ತಿಯನ್ನು ಮಲಗಿಸಿ ಎತ್ತಿಬಿಡು. ತಲೆ, ನಡುಮುಳ್ಳು ಎಲ್ಲ ಸಾರಿಗೆ ಹಾಕು. ಜಯಕುಮಾರನಿಗೆ ಗಟ್ಟಿ ಹಲ್ಲಿದೆ, ಚೀಪಿಕೊಂಡು ತಿನ್ನಲಿ.

ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡ. ಬೆನ್ನಿನ ಮಾಂಸದೊಳಗೆ ಕವಲು ಮುಳ್ಳು ಇರುತ್ತವೆ, ಹುಡುಗರ ಕವಣೆ ಕಡ್ಡಿಯ ಹಾಗೆ ಎರಡು ಕೊಂಬಿನವು. ಅವು ಕತ್ತಿಗೆ ಸಿಗುವುದಿಲ್ಲ. ಯಾವುದೋ ವಿಡಿಯೋ ನೋಡಿಕೊಂಡು ನೀನು ಹುಬ್ಬು ಕೀಳುವ ಚಿಮಟ ತಂದು ಕೂತಿದ್ದೆಯಲ್ಲ, ಮೀನಿಗೇನು ಮದುವೆಯೇ ಅಂತ ನಾನು ನಕ್ಕಿದ್ದೆ. ಚಿಮಟಕ್ಕೆ ಹಸಿ ಮೀನು ಹರಿದುಹೋಗುತ್ತದೆ. ಅರಿಶಿನ, ಉಪ್ಪು ಹಾಕಿದ ನೀರಿನಲ್ಲಿ ಪಕ್ಕೆಗಳನ್ನು ಇಟ್ಟು, ಒಂದು ಕುದಿ ಬರುವ ಹೊತ್ತಿಗೆ ಇಳಿಸಿ ಮುಚ್ಚಿಡು. ಆರಿದ ಮೇಲೆ ಎಸಳು ಎಸಳಾಗಿ ಬಿಡಿಸಿದರೆ ಮುಳ್ಳು ತಾನೇ ತಲೆ ಎತ್ತುತ್ತದೆ. ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಎಳೆ.

ಇಷ್ಟನ್ನೇ ನೀನು ಕೇಳಿದ್ದರೆ ನಾನು ಫೋನಿನಲ್ಲೇ ಹೇಳಿಬಿಡುತ್ತಿದ್ದೆನೋ ಏನೋ. ಕೊನೆಗೆ ಮೆಲ್ಲಗೆ ಒಂದು ಮಾತು ಕೇಳಿದೆಯಲ್ಲ, "ತುಟಿಗೆ ಮುಟ್ಟಿಸ್ದೇನೇ ಮುಳ್ಳು ಗೊತ್ತಾಗೋ ಥರ ಏನಾದ್ರೂ ಇದ್ಯಾ ಅಮ್ಮ?" ಅಂತ, ನಾನು ಫೋನ್ ಇಟ್ಟದ್ದು ಅದಕ್ಕೆ. ಅವತ್ತಿನಿಂದ ಅದು ನನ್ನ ಎದೆಯಲ್ಲೇ ಕೂತಿದೆ.

ನಾನು ಪ್ರತಿ ತುತ್ತನ್ನೂ ಕೆಳತುಟಿಗೆ ಒತ್ತಿ ನೋಡಿಯೇ ಮಗುವಿಗೆ ಕೊಡುತ್ತೇನೆ. ನೀನೂ ಒಂದು ಭಾನುವಾರ ಹಾಗೇ ಮಾಡಹೋದೆ. ಆಗ ನಿನ್ನ ಅತ್ತೆ ಅಕ್ಕಯಮ್ಮ ಏನಂದಳು? "ಹೆತ್ತೋಳ ಎಂಜಲಾದ್ರೆ ಸರಿ, ಹೆತ್ತೋಳ ತಾಯ್ದಾದ್ರೂ ಸರಿ. ಬಂದೋಳ ಎಂಜಲು ಮಗೀಗ್ಯಾಕೆ?" ನೀನು ತುತ್ತನ್ನು ತಟ್ಟೆಗೆ ಹಾಕಿ ಕೈ ತೊಳೆಯಲು ಎದ್ದುಹೋದೆ. ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಉಣ್ಣಿಸುತ್ತಲೇ ಇದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಇದು: ಇಲ್ಲ ಕಣಮ್ಮ, ಅಂಥ ಉಪಾಯ ಯಾವುದೂ ಇಲ್ಲ. ಕಳೆ ಕಿತ್ತು, ಪಾತ್ರೆ ಉಜ್ಜಿ ಬೆರಳು ಒರಟಾಗುತ್ತದೆ. ಕೂದಲೆಳೆಯಷ್ಟು ಮುಳ್ಳು ಅದಕ್ಕೆ ತಿಳಿಯುವುದಿಲ್ಲ, ತುಟಿಗೆ ತಿಳಿಯುತ್ತದೆ.

ಇನ್ನೊಂದು ಮಾತು. ಶಶಿರೇಖಾ ಚಿಕ್ಕವಳಿದ್ದಾಗ ನನ್ನ ತುಟಿ ನೋಡುತ್ತಾ ಕೂರುತ್ತಿದ್ದಳು. ತುತ್ತು ತುಟಿಗೆ ತಾಗದೆ ಬಂದರೆ, "ನೀನು ನೋಡ್ಲಿಲ್ಲ, ನಂಗ್ ಬೇಡ" ಎಂದು ಬಾಯಿ ಬಿಗಿಯುತ್ತಿದ್ದಳು. ಆಮೇಲೆ ಅವಳೂ ಸಿಂಚನಳಿಗೆ ಹಾಗೇ ಉಣ್ಣಿಸಿದಳು, ಹಾಸಿಗೆ ಹಿಡಿದ ಮೇಲೂ ದಿಂಬಿಗೆ ಒರಗಿಕೊಂಡು. ಮಗು ನಿನ್ನ ಕೈಯಲ್ಲಿ ಅನ್ನ ತಿನ್ನುತ್ತದೆ, ಮುದ್ದೆ ನುಂಗುತ್ತದೆ, ಮೀನಿಗೆ ಮಾತ್ರ ಬಾಯಿ ಮುಚ್ಚುತ್ತದೆ. ನೀವೆಲ್ಲ ಮಲತಾಯಿ ಅದಕ್ಕೆ ಎಂದುಕೊಂಡಿರಿ. ನೀನು ಅಡುಗೆಮನೆಯಲ್ಲಿ ಕಣ್ಣೊರಸಿಕೊಂಡದ್ದನ್ನೂ ನಾನು ನೋಡಿದೆ. ಮಲತಾಯಿ ಗಿಲತಾಯಿ ಅದಕ್ಕೇನು ಗೊತ್ತು? ಅದು ನಿನ್ನ ತುಟಿ ನೋಡುತ್ತಾ ಕೂತಿರುತ್ತದೆ. ನೀನು ತುಟಿಗೆ ಮುಟ್ಟಿಸುವುದಿಲ್ಲ, ಅದು ಬಾಯಿ ತೆರೆಯುವುದಿಲ್ಲ.

ಇವತ್ತು ಮುಟ್ಟಿಸು. ನಿನ್ನ ಎಂಜಲನ್ನೇ ಕೊಡು. ಅವಳನ್ನು ಹೆತ್ತವಳನ್ನು ಹೆತ್ತ ನಾನು ಹೇಳುತ್ತಿದ್ದೇನೆ, ಇದರ ಮೇಲೆ ಮಾತಾಡುವವರು ಯಾರೂ ಇಲ್ಲ. ಬೀಗಿತ್ತಿ ಬಾಯಿ ತೆಗೆದರೆ ಈ ಸಾಲನ್ನು ಜೋರಾಗಿ ಓದು. ಅವಳ ಕಿವಿ ಮಂದ, ಆದರೆ ಬೇಕಾದ್ದು ಕೇಳಿಸುತ್ತದೆ.

ಮಗು ಮೊದಲು ಬಾಗಿಲ ಕಡೆ ನೋಡಿ ಅಜ್ಜಿ ಎಲ್ಲಿ ಅಂತ ರಚ್ಚೆ ಹಿಡಿಯಬಹುದು. ನಾನು ಎದುರಿಗಿದ್ದರೆ ನನ್ನ ಮಡಿಲಿಗೇ ಓಡಿಬರುತ್ತದೆ, ಅದಕ್ಕೇ ಇವತ್ತು ಬರಲಿಲ್ಲ. ನೀನು ಸುಮ್ಮನೆ ತುತ್ತು ಮಾಡಿ, ಅವಳಿಗೆ ಕಾಣುವ ಹಾಗೆ ತುಟಿಗೆ ಒತ್ತಿ, ಕಾಯುತ್ತಾ ಕೂತಿರು. ಬಾಯಿ ತೆರೆದಾಗ ನನಗೆ ಫೋನ್ ಮಾಡಲು ಎದ್ದುಬಿಡಬೇಡ, ಪೂರ್ತಿ ಉಣ್ಣಿಸು.

ಮುಂದಿನ ಭಾನುವಾರ ಬರುತ್ತೇನೆ, ಕರೆದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ಮುಳ್ಳು ತೆಗೆಯಲು ಅಲ್ಲ. ನನಗೂ ಕಣ್ಣು ಮಂಜಾಗಿದೆ, ವಾರವಾರ ಮಗುವಿನ ತುತ್ತಿನ ಮುಳ್ಳು ಬಿಡಿಸಿ ನಾನು ಮಾತ್ರ ಬರೀ ಸಾರು ಕಲಸಿಕೊಂಡು ಉಂಡು ಏಳುತ್ತಿದ್ದೆ. ಸಿಂಚನಳ ಪಕ್ಕದಲ್ಲಿ ನನಗೂ ಒಂದು ತಟ್ಟೆ ಹಾಕು. ಅವಳಿಗೆ ಒಂದು ತುತ್ತು ಕೊಟ್ಟಾಗ ನನಗೂ ಒಂದು ಕೊಡು, ನೋಡಿಯೇ ಕೊಡು.

ನಿನ್ನ ಕೈ ತಣ್ಣಗಿರಲಿ, ನಿನ್ನ ಮಡಿಲು ತುಂಬಿರಲಿ ಮಗಳೇ.

ಸಾಸಲಿನಿಂದ,
ನಿಮ್ಮಿಬ್ಬರ ಪಿಳ್ಳಮ್ಮ