ನಮ್ಮತ್ತೆ ಹೇಳಿದ ‘ಚೆನ್ನಾಗಿದಾನೆ’ ಮತ್ತು ನಿಮ್ಮ ಸಂಶೋಧನೆ

ದೊಡ್ಡಾಸ್ಪತ್ರೆಯ ಮೆದುಳು ಸಂಶೋಧನಾ ಯೋಜನೆಯ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಸಂಶೋಧನೆಯ ಪ್ರಕಾರ ನನ್ನ ಗಂಡ ಪೂರ್ತಿ ಗುಣವಾಗಿದ್ದಾರೆ. ಈ ಶುಭ ಸಮಾಚಾರ ಅವರ ಹೆಂಡತಿಯಾದ ನನಗೆ ಗೊತ್ತಾಗಿದ್ದು ಹೋದ ತಿಂಗಳು, ತಪಾಸಣೆಗೆ ಬಂದಾಗ, ನಿಮ್ಮ ಆಸ್ಪತ್ರೆಯ ಗೋಡೆಯ ಮೇಲಿನ ಫಲಕದಿಂದ. ನಾನದನ್ನು ಓದುತ್ತಿದ್ದಾಗ ಆ ಗುಣವಾದ ಮನುಷ್ಯ ಪಕ್ಕದಲ್ಲೇ ನಿಂತಿದ್ದರು. ಬಾಯಾರಿಕೆ ಎಂದು ಹೇಳಲು ಬಾರದೆ ನನ್ನ ಸೆರಗು ಎಳೆಯುತ್ತಿದ್ದರು.

ಫಲಕದಲ್ಲಿ ಇದ್ದದ್ದು ಇಷ್ಟು. ಮೆದುಳಿಗೆ ಪೆಟ್ಟಾಗಿ ಅಥವಾ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀವ್ರ ನಿಗಾ ಘಟಕಕ್ಕೆ ಬಂದವರ ಪೈಕಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕಿನವರ ಚೇತರಿಕೆ ಆರು ತಿಂಗಳ ನಂತರ ನೋಡಿದಾಗ ನಿರೀಕ್ಷೆಗಿಂತ ಉತ್ತಮವಾಗಿದೆ; ಆದ್ದರಿಂದ ಈ ಭಾಗಕ್ಕೆ ಮನೆಗೆ ಹೋದ ಮೇಲಿನ ತರಬೇತಿಯ ವಿಶೇಷ ಅಗತ್ಯ ಕಂಡುಬಂದಿಲ್ಲ. ಆ ‘ಆದ್ದರಿಂದ’ ಎಂಬ ಪದದ ದೆಸೆಯಿಂದ ವಾರಕ್ಕೊಮ್ಮೆ ಅಜ್ಜಂಪುರಕ್ಕೆ ಬಂದು ಮಾತು ಕಲಿಸುತ್ತಿದ್ದ ಕೃತಿಕಾ ಎಂಬ ಹುಡುಗಿಯನ್ನು ನೀವು ವಾಪಸು ಕರೆಸಿಕೊಂಡಿದ್ದೀರಿ. ನನ್ನ ಜಗಳ ಇರುವುದು ಇದಕ್ಕೇ. ನನ್ನ ಗಂಡನ ಮಾತು ಅರ್ಧ ದಾರಿಗೆ ಬಂದಿತ್ತು, ನೀವು ಅಲ್ಲೇ ಇಳಿಸಿ ಹೋಗಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶೋಧನೆಯ ವಿರೋಧಿಯಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುವವಳು. ನಮ್ಮ ಯಜಮಾನರು ಓಂಕಾರಮೂರ್ತಿ, ಕಡೂರಿನಿಂದ ಬೀರೂರು, ಅಜ್ಜಂಪುರದ ಮೇಲೆ ನಮ್ಮ ಶಿವನಿ ಊರಿಗೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಒಂದು ಬೆಳಗ್ಗೆ ಬೀರೂರು ದಾಟುವಾಗ ಟಿಕೆಟ್ ಹರಿಯುತ್ತಲೇ ಕುಸಿದರು. ಡ್ರೈವರ್ ಸಿದ್ದೇಶ್ ಹಿಂದೆ ಮುಂದೆ ನೋಡದೆ, ಅಷ್ಟೂ ಪ್ರಯಾಣಿಕರ ಸಮೇತ ಬಸ್ಸನ್ನು ಹಿಂದಕ್ಕೆ ತಿರುಗಿಸಿ ಕಡೂರಿನ ಆಸ್ಪತ್ರೆಗೆ ಹೊಡೆದ. ಅಲ್ಲಿಂದ ಆಂಬುಲೆನ್ಸಿನಲ್ಲಿ ನಿಮ್ಮಲ್ಲಿಗೆ ಬಂದೆವು. ಮೆದುಳಿನ ರಕ್ತಸ್ರಾವದಲ್ಲಿ ಮಾತು ಹೋಯಿತು, ನಿಮ್ಮ ಘಟಕದವರು ಅವರ ಜೀವ ಉಳಿಸಿದರು. ಆ ಋಣ ನನ್ನ ಮೇಲಿದೆ, ಈ ಪತ್ರ ಬರೆಯುವಾಗಲೂ ಅದನ್ನು ಮರೆತಿಲ್ಲ.

ಆಗಲೇ ನಿಮ್ಮ ಕಡೆಯ ಡಾಕ್ಟರೊಬ್ಬರು ಬಂದು, ಈ ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದೇ ಎಂದು ಕೇಳಿದರು. ನಮ್ಮ ಚಿಕ್ಕಮಾವ ದೇವೀರಪ್ಪನವರು ಕೂತಲ್ಲಿಂದ ಎದ್ದೇಬಿಟ್ಟರು. “ಒಪ್ಕೋಬ್ಯಾಡ ಕಣಮ್ಮ. ಮನುಷ್ಯರ ಮೇಲೆ ಪ್ರಯೋಗ ಮಾಡ್ತಾರೆ ಇವ್ರು.” ಅವರನ್ನು ಕೂರಿಸಿ ನಾನು ಹೇಳಿದ್ದು ಇನ್ನೂ ನೆನಪಿದೆ: “ಇವ್ರಿಂದ ತಿಳ್ಕೊಂಡಿದ್ದು ನಾಳೆ ಬೇರೆಯವ್ರ ಮನೆಯವ್ರಿಗೆ ಉಪಯೋಗ ಆಗುತ್ತೆ ಚಿಕ್ಕಮಾವ.” ಒಪ್ಪಿಗೆ ಕೊಟ್ಟೆ. ಈಗ ದೇವೀರಪ್ಪನವರು ಮನೆಗೆ ಬಂದರೆ ಮಳೆ ಬೆಳೆಯ ಮಾತಾಡಿ ಎದ್ದು ಹೋಗುತ್ತಾರೆ. ಅವರು ಬೈದಿದ್ದರೇ ಚೆನ್ನಾಗಿತ್ತು.

ಇನ್ನು ನಿಮ್ಮ ಆರು ತಿಂಗಳ ವಿಚಾರಣೆ. ಅದು ನಡೆದದ್ದು ಫೋನಿನಲ್ಲಿ. ನಾನು ಶಾಲೆಯಲ್ಲಿದ್ದೆ. ಫೋನ್ ಎತ್ತಿದವರು ನಮ್ಮತ್ತೆ ತೀರ್ಥಮ್ಮ. ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕಿ ಮಾತಾಡುವುದು ಅವರ ರೂಢಿ. ಎದುರಿಗೆ ಮಗ ಕೂತಿದ್ದಾರೆ. ನಿಮ್ಮವರು ವಿನಯದಿಂದಲೇ ಕೇಳಿದರಂತೆ, ರೋಗಿ ಹೇಗಿದ್ದಾರೆ ಎಂದು.

“ಚೆನ್ನಾಗಿದಾನೆ ಕಣಪ್ಪಾ. ಶಿವ ಚೆನ್ನಾಗಿ ಇಟ್ಟಿದಾನೆ.”

ಅಂಗಡಿಗೆ ಹೋಗಿಬರುತ್ತಾರಾ?

“ಹೋಗ್ತಾನಪ್ಪ.” (ಹೋಗುತ್ತಾರೆ, ನಿಜ. ನಾನು ಕೈ ಹಿಡಿದುಕೊಂಡರೆ.)

ಮನೆಯಲ್ಲಿ ಒಬ್ಬರೇ ಇರಬಲ್ಲರಾ?

“ಒಬ್ನೇ ಯಾಕಪ್ಪಾ ಇರ್ಬೇಕು, ನಾವೆಲ್ಲ ಇಲ್ವಾ?”

ಕೆಲಸಕ್ಕೆ ಹೋಗುತ್ತಾರಾ?

“ಇನ್ನೇನು ಹೋಗ್ತಾನೆ. ನಿಮ್ದೆಲ್ಲ ಊಟ ಆಯ್ತಾ?”

ಈ ಮಾತುಕತೆಯಿಂದ ನಿಮ್ಮವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. ಅಂತೂ ನಮ್ಮ ಯಜಮಾನರು ಕೆಲಸಕ್ಕೆ ಹೋಗುವ, ಒಬ್ಬರೇ ಬದುಕುವ, ಪೂರ್ಣ ಚೇತರಿಸಿಕೊಂಡ ರೋಗಿಯಾದರು. ಅಷ್ಟೊಂದು ಔಷಧದಿಂದ ಆಗದ್ದು ನಮ್ಮತ್ತೆಯ ಸೌಜನ್ಯದಿಂದ ಆಯಿತು. ಇದನ್ನೂ ಒಂದು ಚಿಕಿತ್ಸಾ ವಿಧಾನವೆಂದು ತಮ್ಮ ಮುಂದಿನ ಸಮ್ಮೇಳನದಲ್ಲಿ ಮಂಡಿಸಬಹುದು.

ಫಲಕ ನೋಡಿ ಬಂದ ದಿನ ಸಿಟ್ಟಿನಲ್ಲಿ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಇದ್ದದ್ದು ಇದ್ದ ಹಾಗೆ ಹೇಳುವುದಕ್ಕೆ ಏನಾಗಿತ್ತು ನಿಮಗೆ ಎಂದೆ. ಅವರು ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು.

“ಅವ್ನು ಎದುರಿಗೇ ಕೂತಿದ್ದ ಕಣೇ. ಮಾತು ಹೋಗೈತೆ, ಇನ್ನು ಯಾವ ಕೆಲ್ಸಕ್ಕೂ ಬರಲ್ಲ ಅಂತ ಅವನ ಮುಂದೆ ನಾನು ಹೆಂಗೆ ಹೇಳ್ಲಿ? ಮಾತು ಹೋದ್ರೂ ಕಿವಿ ಕೇಳುತ್ತಲ್ಲ ನನ್ ಮಗನಿಗೆ.”

ಅವರ ಪಕ್ಕ ಕೂತು ಉಳಿದ ತರಕಾರಿಯನ್ನು ನಾನೇ ಹೆಚ್ಚಿದೆ. ಅವರ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆಯೇ ಮಾನ್ಯರೇ? ನಿಮ್ಮ ಪ್ರಶ್ನೆಗಳನ್ನು ಸಿದ್ಧಪಡಿಸಿದವರಲ್ಲಿ ಒಬ್ಬರಿಗಾದರೂ ತಾಯಿ ಇರಲಿಲ್ಲವೇ? ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೀವಿ ಎನ್ನುವುದು ರೂಢಿ. ಜ್ವರದಲ್ಲಿ ಮಲಗಿದ್ದರೂ ಹಾಗೇ ಹೇಳುತ್ತೇವೆ. ಕೇಳಿದವರು ದೂರದವರಾದರೆ, ಅದರಲ್ಲೂ ಜೀವ ಉಳಿಸಿದ ಆಸ್ಪತ್ರೆಯವರಾದರೆ, ಅವರ ಮನಸ್ಸಿಗೆ ಬೇಜಾರು ಮಾಡಬಾರದೆಂದು ಇನ್ನೂ ಒಂದು ಮಾತು ಸೇರಿಸಿ ಹೇಳುತ್ತೇವೆ. ಇಷ್ಟನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ನಿಮ್ಮ ಆಸ್ಪತ್ರೆಯ ಯಾವ ಆಯಾಳನ್ನು ಕೇಳಿದ್ದರೂ ಹೇಳುತ್ತಿದ್ದಳು.

ಇದು ನಮ್ಮೊಂದು ಮನೆಯ ಕಥೆ ಎಂದುಕೊಳ್ಳಬೇಡಿ. ಐಸಿಯು ಹೊರಗಿನ ಬೆಂಚಿನಲ್ಲಿ ನಮ್ಮ ಜೊತೆ ಕಾದಿದ್ದವರು ಸಿಂಗಟಗೆರೆಯ ಸಣ್ಣಬೀರಪ್ಪನ ಹೆಂಡತಿ. ತೆಂಗಿನ ಮರದಿಂದ ಬಿದ್ದು ಅವರ ಯಜಮಾನರ ತಲೆಗೆ ಪೆಟ್ಟಾಗಿತ್ತು. ಫಲಕ ನೋಡಿದ ಮೇಲೆ ಆಕೆಗೆ ಫೋನ್ ಮಾಡಿದೆ. “ನಮ್ಗೂ ಫೋನ್ ಮಾಡಿದ್ರು ಅಕ್ಕ. ಚೆನ್ನಾಗವ್ರೆ ಅಂದೆ. ಬದುಕಿ ಮನೆಗೆ ಬಂದವ್ರಲ್ವಾ, ಅದಕ್ಕಿಂತ ಇನ್ನೇನು ಬೇಕು?” ಆಮೇಲೆ ದನಿ ತಗ್ಗಿಸಿ ಹೇಳಿದಳು, ಯಜಮಾನರಿಗೆ ಒಮ್ಮೊಮ್ಮೆ ಸ್ವಂತ ಮಗಳ ಗುರುತೇ ಸಿಗುವುದಿಲ್ಲ, ಯಾರಿವಳು ಎಂದು ರೇಗುತ್ತಾರೆ, ಮಗು ಹೆದರಿ ಅಜ್ಜಿಯ ಮನೆ ಸೇರಿದೆ ಎಂದು. ಸಣ್ಣಬೀರಪ್ಪನವರೂ ನಿಮ್ಮ ಉತ್ತಮ ಚೇತರಿಕೆಯ ಗುಂಪಿನಲ್ಲೇ ಇರಬೇಕು. ಅಭಿನಂದನೆಗಳು.

ನಾನು ಸುಮ್ಮನೆ ಕೂರಲಿಲ್ಲ. ನಿಮ್ಮ ಕಚೇರಿಗೆ ಯಜಮಾನರನ್ನೇ ಕರೆದುಕೊಂಡು ಹೋದೆ. ತಪ್ಪಾಗಿದೆ, ಇವರನ್ನು ನೋಡಿ, ನೀವೇ ಮಾತಾಡಿಸಿ ಎಂದೆ. ಅಲ್ಲಿದ್ದ ಯುವಕ ಕಂಪ್ಯೂಟರ್ ನೋಡಿದ, ಇವರನ್ನು ನೋಡಲಿಲ್ಲ. “ನಿಮ್ಮ ಮನೆಯವ್ರೇ ಹೇಳಿರೋದು ಮೇಡಂ. ಈಗ ಡೇಟಾ ಲಾಕ್ ಆಗಿದೆ, ಏನೂ ಮಾಡಕ್ಕಾಗಲ್ಲ.” ಲಾಕ್ ಮಾಡಿದವರ ಹತ್ತಿರ ಕೀ ಇರುವುದಿಲ್ಲವೇನಪ್ಪ ಎಂದು ಕೇಳಿದೆ. ಮುಖ್ಯಸ್ಥರನ್ನು ಕೇಳಿ ಎಂದ. ಮುಖ್ಯಸ್ಥರು ಮೀಟಿಂಗಿನಲ್ಲಿದ್ದರು. ಎರಡನೇ ಸಲ ಹೋದಾಗಲೂ ತಾವು ಮೀಟಿಂಗಿನಲ್ಲೇ ಇದ್ದಿರಿ. ಆದ್ದರಿಂದ ಎಲ್ಲರೂ ಓದುವ ಹಾಗೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಕೃತಿಕಾ ಏನು ಮಾಡುತ್ತಿದ್ದಳೆಂದು ತಮಗೆ ತಿಳಿದಿರಲಿಕ್ಕಿಲ್ಲ. ಮೊದಲ ವಾರಗಳಲ್ಲಿ ಲೋಟ, ತಟ್ಟೆ, ಹಸುವಿನ ಚಿತ್ರ ತೋರಿಸಿದಳು. ನಮ್ಮವರು ಬೆವರಿದರೇ ಹೊರತು ಒಂದು ಪದ ಬರಲಿಲ್ಲ. ಅವಮಾನದಿಂದ ಚಿತ್ರಗಳನ್ನು ಪಕ್ಕಕ್ಕೆ ತಳ್ಳಿದರು. ಆಗ ಅವಳು ಇವರ ಕೆಲಸವೇನೆಂದು ನನ್ನನ್ನು ಕೇಳಿ, ಮುಂದಿನ ವಾರ ಸಿದ್ದೇಶನನ್ನು ಒಪ್ಪಿಸಿ, ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಖಾಲಿ ಬಸ್ಸಿಗೆ ಇವರನ್ನು ಹತ್ತಿಸಿದಳು. ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಹಾಕಿ ಫುಟ್‌ಬೋರ್ಡಿನಲ್ಲಿ ನಿಲ್ಲಿಸಿದಳು. ಇವರು ಕಂಬಿ ಹಿಡಿದರು. ಬಾಯಿ ಅಲುಗಿತು. “ಕಡೂರ್… ಕಡೂರ್…” ಎಂದರು. ನಾನು ಬಸ್ಸಿನ ಹಿಂದೆ ಹೋಗಿ ಅತ್ತುಬಿಟ್ಟೆ.

ಎಷ್ಟೋ ವರ್ಷ ಕೂಗಿ ಕೂಗಿ ರೂಢಿಯಾದ ಮಾತು ಯೋಚನೆಯಿಲ್ಲದೆ ಬರುತ್ತದೆ, ಅದರ ಹಿಂದೆಯೇ ಹೊಸ ಮಾತನ್ನು ಮೆಲ್ಲಗೆ ಎಳೆದು ತರಬೇಕು ಎಂದು ಅವಳು ವಿವರಿಸಿದಳು. ಆಮೇಲೆ ಬೀರೂರು ಬಂತು. ಬಹಳ ದಿನಕ್ಕೆ ಅಜ್ಜಂಪುರ ಬಂತು. ‘ನೀರು’ ಎಂಬುದು ಒಂದೆರಡು ಸಲ ಬಂತು. ನಮ್ಮೂರಿನ ಹೆಸರು ಇನ್ನೇನು ತುಟಿಗೆ ಬರಬೇಕು ಎನ್ನುವಾಗ ಕೃತಿಕಾ ಫೋನ್ ಮಾಡಿದಳು. “ಮೇಡಂ, ನಾನಿನ್ನು ಬರಲ್ಲ. ನಿಮ್ಮ ಕಡೆಯವ್ರಿಗೆ ಅಗತ್ಯ ಇಲ್ಲ ಅಂತ ರಿಸಲ್ಟ್ ಬಂದಿದೆಯಂತೆ.” ಅವಳೂ ಅಳುತ್ತಿದ್ದಳು. ಅವಳು ಹೇಳಿಕೊಟ್ಟ ಹಾಗೆ ನಾನೇ ಪ್ರಯತ್ನಿಸುತ್ತಿದ್ದೇನೆ, ಆದರೆ ನನಗೆ ಆ ವಿದ್ಯೆ ಬಾರದು. ಈಗ ಅವರು ಬೀರೂರಿಗೆ ಬಂದು ನಿಂತುಬಿಡುತ್ತಾರೆ, ಅಜ್ಜಂಪುರವೂ ಬರುತ್ತಿಲ್ಲ. ‘ನೀರು’ ಹೋಗಿದೆ. ಮೊದಲ ವರ್ಷ ಕಳೆದರೆ ಮಾತು ಮರಳುವುದು ಇನ್ನೂ ಕಷ್ಟವೆಂದು ನಿಮ್ಮ ಡಾಕ್ಟರೇ ಹೇಳಿದ್ದರು. ಆ ವರ್ಷ ಮುಗಿಯುತ್ತಾ ಬಂದಿದೆ.

ಹಾಗಾಗಿ ನನ್ನ ಬೇಡಿಕೆ ಇದು. ಕೃತಿಕಾಳನ್ನು ಈ ವಾರವೇ ಅಜ್ಜಂಪುರಕ್ಕೆ ಕಳುಹಿಸಿ. ಮೂರೂ ತಾಲ್ಲೂಕಿನ ರೋಗಿಗಳ ಮನೆಗೆ ನಿಮ್ಮವರು ಖುದ್ದಾಗಿ ಬಂದು, ಮನೆಯವರನ್ನು ರೋಗಿಯ ಕಿವಿಗೆ ಬೀಳದ ಹಾಗೆ ಬೇರೆ ಕೂರಿಸಿ ಕೇಳಲಿ, ರೋಗಿಯನ್ನು ಕಣ್ಣಾರೆ ನೋಡಲಿ. ಅಲ್ಲಿಯವರೆಗೆ ಆ ಫಲಕವನ್ನು ಗೋಡೆಯಿಂದ ಇಳಿಸಿ. ಅದನ್ನು ನಂಬಿ ಬೇರೆ ಊರಿನ ಆಸ್ಪತ್ರೆಯವರೂ ತಮ್ಮ ರೋಗಿಗಳನ್ನು ನಡುದಾರಿಯಲ್ಲಿ ಇಳಿಸಿಬಿಟ್ಟರೆ ಆ ಪಾಪದಲ್ಲಿ ಒಪ್ಪಿಗೆ ಕೊಟ್ಟ ನನಗೂ ಪಾಲಿದೆ.

ಇದೆಲ್ಲ ಆಗದು, ಫೋನೇ ಸಾಕು ಎನ್ನುವುದಾದರೆ ತಾವೇ ಒಂದು ಸಲ ಫೋನ್ ಮಾಡಿ. ಈ ಸಲ ನಾನು ಅತ್ತೆಯ ಕೈಗೆ ಕೊಡುವುದಿಲ್ಲ, ನಮ್ಮ ಯಜಮಾನರ ಕೈಗೇ ಕೊಡುತ್ತೇನೆ. ಆದರೆ ದಯವಿಟ್ಟು ಹೇಗಿದ್ದೀರಿ ಎಂದು ಕೇಳಬೇಡಿ. ಅದಕ್ಕೆ ಅವರು ‘ಚೆನ್ನಾಗಿದೀನಿ’ ಎಂದು ಥಟ್ಟನೆ ಹೇಳಿಬಿಡುತ್ತಾರೆ. ಅವರಿಗೆ ತಡೆಯಿಲ್ಲದೆ ಬರುವ ಪೂರ್ತಿ ಮಾತು ಅದೊಂದೇ, ನಮ್ಮೆಲ್ಲರ ಹಾಗೆ ಅವರಿಗೂ ಅದು ಹುಟ್ಟಿನಿಂದ ಬಂದ ರೂಢಿ. ಅದರ ಬದಲು ಒಂದು ಶಿವನಿ ಟಿಕೆಟ್ ಕೊಡಿ ಎಂದು ಕೇಳಿ. ಯಾವ ಊರಿಗೆ ಎಂಬುದನ್ನು ಅವರ ಬಾಯಿಂದ ಒಂದು ಸಲ ಹೇಳಿಸಿ. ಅವರು ಹೇಳುವವರೆಗೆ ಫೋನ್ ಇಡಬೇಡಿ.

ಇಂತಿ,
ತಮ್ಮ ಕಂಪ್ಯೂಟರಿನಲ್ಲಿ ಪೂರ್ತಿ ಗುಣವಾಗಿರುವವರ ಹೆಂಡತಿ,
ಅಶ್ವಿನಿ ಓಂಕಾರಮೂರ್ತಿ
ಶಿವನಿ, ಅಜ್ಜಂಪುರ ತಾಲ್ಲೂಕು