ಮೊನೆಯೋ ಸುತ್ತಿಗೆಯೋ

ಆಗಸ್ಟ್ 24, ಭಾನುವಾರ

ಇವತ್ತೂ ಗಂಜಿ. ಸರಳಾ ಮಿಕ್ಸಿಯಲ್ಲಿ ತಿರುವಿ, ಸ್ಟ್ರಾ ಸಿಕ್ಕಿಸಿ ಕೊಟ್ಟಳು. ಐವತ್ತರ ಹತ್ತಿರದ ಇಂಜಿನಿಯರ್, ಮನೆಯ ಯಜಮಾನ — ಸ್ಟ್ರಾದಲ್ಲಿ ಊಟ. ದವಡೆಯ ಹೊಲಿಗೆ ಇನ್ನೂ ಬಿಚ್ಚಿಲ್ಲ. ಮುಂದಿನ ಎರಡು ಹಲ್ಲು ಆ ಗ್ಯಾಸ್ ಸ್ಟೇಷನ್ನಿನ ಕಾಂಕ್ರೀಟಿನ ಮೇಲೇ ಉಳಿದವು.

ಪೊಲೀಸರ ಫೋನಿಲ್ಲ. ಕಾರೂ ಇಲ್ಲ.

ಕಣ್ಣು ಮುಚ್ಚಿದರೆ ಅದೇ. ಪೆಟ್ರೋಲ್ ಹಾಕುತ್ತ ಪಂಪ್ ಹಿಡಿದು ನಿಂತಿದ್ದೆ. ಬೂದು ಹುಡ್ ಹಾಕಿದ್ದವನು ಹಿಂದಿನಿಂದ ಬಂದ. ಕೈಯಲ್ಲಿ ಟೈರ್ ಬಿಚ್ಚುವ ಕಬ್ಬಿಣ. ಕೀ ಕೇಳಿದ. ಜೇಬಿಗೆ ಕೈ ಹಾಕುವಷ್ಟರಲ್ಲೇ ಬಾಯಿಗೆ ಬಿಟ್ಟ. ಕಾರಿನೊಳಗಿದ್ದ ಆಶ್ರಿತಾಳನ್ನು ಕೂದಲು ಹಿಡಿದು ಎಳೆದು ಹೊರಗೆ ಬಿಸಾಕಿದ. ನಾನೇನು ಮಾಡಿದೆ? ಮಂಡಿಯೂರಿ ಕೈ ಮುಗಿದೆ. ‘ಬೇಡಪ್ಪಾ, ಬೇಡಪ್ಪಾ’ ಅಂದೆ. ಕನ್ನಡದಲ್ಲಿ! ಅವನು ನಕ್ಕ. ಮಗಳು ಎಲ್ಲ ನೋಡಿದಳು.

ಬಾಯಲ್ಲಿ ರಕ್ತದ ರುಚಿ ಇನ್ನೂ ಹೋಗಿಲ್ಲ. ಬ್ರಷ್ ಮಾಡಿದರೂ ಹೋಗಿಲ್ಲ.

ಆಗಸ್ಟ್ 27, ಬುಧವಾರ

ಗಣೇಶನ ಹಬ್ಬ. ಕಡುಬು ಮಾಡಿದ್ದಳು. ಅಗಿಯಲಾಗದೆ ಹೂರಣ ಮಾತ್ರ ನೆಕ್ಕಿದೆ.

ಮಧ್ಯಾಹ್ನ ಆಶ್ರಿತಾ ಆನ್ ಆರ್ಬರ್‌ನ ಯೂನಿವರ್ಸಿಟಿಗೆ ಹೊರಟಳು. ಕ್ಲಾಸ್ ಶುರು. ಅಪ್ಪಿಕೊಂಡಳು, ಮುಖ ನೋಡಲಿಲ್ಲ. ‘ಟೇಕ್ ಕೇರ್, ಅಪ್ಪ’ ಅಂದಳು. ಕಾಯಿಲೆಯವರಿಗೆ ಹೇಳುವ ದನಿ.

ಅವನು ಇನ್ನೊಂದು ಸಲ ಸಿಗಬೇಕು. ಒಂದೇ ಒಂದು ಸಲ.

ಸೆಪ್ಟೆಂಬರ್ 6, ಶನಿವಾರ

ಬಂದೂಕು ಬೇಡ ಎಂದು ಸರಳಾ ಖಡಾಖಂಡಿತ. ‘ಮನೇಗೆ ಗನ್ ಬಂದ್ರೆ ನಾನು ಹೋಗ್ತೀನಿ.’ ಸರಿ. ಟಾಮಹಾಕ್ ನೋಡುತ್ತಿದ್ದೇನೆ. ಹಗುರ ಕೈಗೊಡಲಿ. ಸಿಕ್ಕಿಬಿದ್ದ ಕಾರಿನ ಬಾಗಿಲು ಮೀಟಬಹುದು, ಗಾಜು ಒಡೆಯಬಹುದು, ಕ್ಯಾಂಪಿಂಗ್ ಹೋದಾಗ ಸೌದೆ ಸೀಳಬಹುದು. ಸರಳಾಗೆ ಹೇಳಿದ್ದು ಇಷ್ಟು. ನಾಲ್ಕನೆಯ ಉಪಯೋಗ ಹೇಳಲಿಲ್ಲ. ಅವಳೇನು ದಡ್ಡಿಯಲ್ಲ, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

ಸಂಜೆ ಕಲ್ಲಿನಾಥ ಬಂದ. ವಾರೆನ್‌ನ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕು, ವಿಜಯಪುರದವನು. ಇಬ್ಬರಿಗೂ ಕಾರಿನ ಗಾಜು ವಿನ್ಯಾಸ ಮಾಡುವ ಗುಂಪಿನಲ್ಲೇ ಕೆಲಸ. ಲ್ಯಾಪ್‌ಟಾಪ್ ಮುಂದೆ ಹೆಣ್ಣು ನೋಡಲು ಬಂದವರ ಹಾಗೆ ಕೂತೆವು. ಮರದ ಕಾವು ಒಣಗಿ ಸಡಿಲವಾಗುತ್ತದೆ, ಬೇಡ. ಪ್ಲಾಸ್ಟಿಕ್ ಕಾವು ಚಳಿಗಾಲದಲ್ಲಿ ಹೇಗೋ ಏನೋ. ತಲೆಯಿಂದ ಬುಡದವರೆಗೆ ಒಂದೇ ಉಕ್ಕಿನದು ವಾಸಿ, ಹಿಡಿಗೆ ರಬ್ಬರ್. ಉದ್ದ ಹೆಚ್ಚಾದರೆ ಕಾರಿನೊಳಗೆ ಬೀಸಲಾಗದು. ಇಲ್ಲಿಯವರೆಗೆ ಒಮ್ಮತ.

ಜಗಳ ಬಂದದ್ದು ಬೆನ್ನಿನ ವಿಷಯಕ್ಕೆ. ಅಲಗಿನ ಹಿಂಬದಿಯಲ್ಲಿ ಸುತ್ತಿಗೆ ಇರಬೇಕೋ, ಮೊನೆ ಇರಬೇಕೋ.

‘ಏ ದೋಸ್ತ, ಸುತ್ತಿಗಿ ಇದ್ದದ್ದ ತಗೋ. ಟೆಂಟಿನ ಗೂಟ ಬಡಿಲಿಕ್ಕೆ ಬರ್ತದ, ಗಾಜಿಗೂ ಬರ್ತದ. ಮೊನಿ ಒಳಗ ಹೊಕ್ತಂದ್ರ ಎಲ್ಲಿ ನಿಲ್ತದ ಯಾರಿಗೊತ್ತು? ಒಳಗ ಮನಷ್ಯಾ ಇರ್ತಾನ.’

‘ಮೊನೆ ಬೇಗ ತೂತು ಮಾಡುತ್ತೆ ಕಣೋ.’

‘ಯಾರಿಗಿ ತೂತು ಮಾಡಾಂವ ಇದ್ದಿ?’

ನಕ್ಕುಬಿಟ್ಟೆವು. ಅವನು ಹೋದ ಮೇಲೆ ಮೊನೆಯದನ್ನೇ ಆರ್ಡರ್ ಮಾಡಿದೆ.

ಸೆಪ್ಟೆಂಬರ್ 13, ಶನಿವಾರ

ಬಂತು. ಕಪ್ಪು. ಕೈಗೆ ಹಿಡಿದಾಗ ಎದೆಯೊಳಗೆ ಏನೋ ನೆಟ್ಟಗಾಯಿತು.

ಕಲ್ಲಿನಾಥನ ಗರಾಜಿನಲ್ಲಿ ಪರೀಕ್ಷೆ. ಗುಜರಿಯಿಂದ ಹಳೆಯ ಎಸ್‌ಯುವಿಯ ಒಂದು ಪಕ್ಕದ ಬಾಗಿಲು, ಹಿಂದಿನ ಡಿಕ್ಕಿಯ ಬಾಗಿಲು ತಂದಿಟ್ಟಿದ್ದ. ಮೊನೆ ನೋಡಿ ಮುಖ ಸಣ್ಣ ಮಾಡಿದ. ಹಿಂದಿನ ಗಾಜಿಗೆ ಮೊನೆ ಮುಟ್ಟಿಸಿದೆನೋ ಇಲ್ಲವೋ, ಅಷ್ಟೂ ಕಲ್ಲುಪ್ಪಿನ ಹಾಗೆ ಸುರಿಯಿತು. ಪಕ್ಕದ ಬಾಗಿಲಿನದು ಹಾಗಲ್ಲ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ, ಒಳಗೆ ಗದ್ದಲ ಕೇಳದಿರಲಿ ಎಂದು. ನಮ್ಮ ಅನ್ನವೇ ಅದು. ಒಡೆದರೂ ಬೀಳುವುದಿಲ್ಲ. ತೂತು ಮಾಡಬೇಕು, ಆಮೇಲೆ ಅಲಗಿನಿಂದ ಹರಿಯಬೇಕು.

‘ಕಾರು ನೀರಾಗ ಬಿದ್ರ ಮೊದಲ ಹಿಂದಿನ ಗಾಜು ನೋಡು. ಬಾಜೂದ್ದಕ್ಕ ಹೋಗಬ್ಯಾಡ’ ಅಂದ.

‘ಗಾಜಿನ ಪಾಠ ನನಗೇ ಹೇಳ್ತೀಯೇನೋ?’

ಪಕ್ಕದ ಗಾಜಿಗೆ ಹೊಡೆದೆ. ಮೊನೆ ಕಚಕ್ಕೆಂದು ಇಳಿಯಿತು. ಕಿತ್ತು ಮತ್ತೆ ಹೊಡೆದೆ. ಬೂದು ಹುಡ್. ಮತ್ತೆ. ಗಾಜು ಹರಿದು ಜೋತುಬಿತ್ತು, ಆಮೇಲೆ ತಗಡಿಗೆ ಹೊಡೆದೆ, ಹಿಡಿಕೆಗೆ ಹೊಡೆದೆ. ಎಷ್ಟು ಹೊತ್ತೋ. ಕಲ್ಲಿನಾಥ ಹಿಂದಿನಿಂದ ತೋಳು ಹಿಡಿದ.

‘ಬಾಗಿಲಾ ಸತ್ತದೋ ಮಾರಾಯಾ. ಬಿಡು.’

ಮೈಯೆಲ್ಲ ಬೆವರು. ಹಸಿವಾಯಿತು. ದೀಪ್ತಿ — ಅವನ ಹೆಂಡತಿ — ಮಾಡಿದ್ದ ಜುಣಕ, ಮೆತ್ತನೆಯ ರೊಟ್ಟಿ ಹೊಟ್ಟೆ ತುಂಬ ತಿಂದೆ. ಇಷ್ಟು ದಿನದಲ್ಲಿ ಮೊದಲ ಸರಿಯಾದ ಊಟ.

ಸೆಪ್ಟೆಂಬರ್ 21, ಭಾನುವಾರ

ಪಟೇಲ್ ಅಂಗಡಿಯ ಪಾರ್ಕಿಂಗ್ ಲಾಟ್. ಸರಳಾ ಬೆಂಡೆಕಾಯಿ ಚೀಲ ತನ್ನ ಕಾರಿನ ಡಿಕ್ಕಿಗೆ ಹಾಕುತ್ತಿದ್ದಳು. ಒಬ್ಬ ನೇರ ನನ್ನತ್ತ ಬಂದ. ಹುಡ್. ಕೈಯಲ್ಲಿ ಉದ್ದನೆಯದೇನೋ. ಸೀಟಿನ ಕೆಳಗಿಂದ ಕೊಡಲಿ ಎಳೆದು ಇಳಿದೆ, ತಲೆಯ ಮೇಲಕ್ಕೆ ಎತ್ತಿದೆ.

ಜಂಪರ್ ಕೇಬಲ್. ಅವನ ಕಾರಿನ ಬ್ಯಾಟರಿ ಸತ್ತಿರಬೇಕು, ಸಹಾಯ ಕೇಳಲು ಬಂದಿದ್ದ.

ಎರಡೂ ಕೈ ಮೇಲೆತ್ತಿ ಹಿಂದೆ ಹಿಂದೆ ಹೆಜ್ಜೆ ಇಟ್ಟ. ‘ಪ್ಲೀಸ್ ಮ್ಯಾನ್, ಪ್ಲೀಸ್.’ ಕೇಬಲ್ ಬಿಸಾಕಿ ಓಡಿದ. ಹೆದರಿದ್ದ. ನನ್ನನ್ನು ನೋಡಿ ಹೆದರಿದ್ದ. ನಾಚಿಕೆಯಾಗಬೇಕಿತ್ತು. ಸುಳ್ಳು ಯಾಕೆ ಬರೆಯಲಿ — ಖುಷಿಯಾಯಿತು.

 ಗರಾಜಿನಲ್ಲಿ ಕಾರು ನಿಂತ ಮೇಲೆ ಸರಳಾ ಕೇಳಿದಳು: ‘ಅವನು ಒಂದ್ ಹೆಜ್ಜೆ ಮುಂದೆ ಇಟ್ಟಿದ್ರೆ ಹೊಡೀತಿದ್ರಿ ಅಲ್ವಾ?’

‘ಇಲ್ಲ.’

‘ನಿಮ್ಮ ಮುಖ ನಾನು ನೋಡ್ದೆ ಕಣ್ರೀ.’

ಅಕ್ಟೋಬರ್ 1, ಬುಧವಾರ

ಪಂಚಾಂಗದ ಪ್ರಕಾರ ಇವತ್ತೇ ಆಯುಧಪೂಜೆ. ದೇವಸ್ಥಾನದಲ್ಲಿ ಶನಿವಾರ. ಈ ದೇಶದಲ್ಲಿ ದೇವರೂ ವೀಕೆಂಡ್ ನೋಡಿಕೊಂಡೇ ಬರಬೇಕು. ಕಲ್ಲಿನಾಥ ಹೊಸ ಎಲೆಕ್ಟ್ರಿಕ್ ಕಾರು ತಗೊಂಡಿದ್ದಾನೆ, ಅದರ ಪೂಜೆಯೂ ಆಗಬೇಕು.

ಸರಳಾ ಕೊಡಲಿ ಕೇಳಿದಳು. ‘ಶನಿವಾರ ಅದನ್ನೂ ಇಡೋಣ. ಪೂಜೆ ಆದ್ಮೇಲೆ ಮಾರನೇ ದಿನದವರೆಗೂ ಮುಟ್ಟೋ ಹಾಗಿಲ್ಲ, ಗೊತ್ತಲ್ಲ.’ ಒಂದು ದಿನವಾದರೂ ಕೈತಪ್ಪಲಿ ಎಂಬ ಲೆಕ್ಕ ಅವಳದು. ಪಾಪ. ಕೊಟ್ಟೆ. ಒರೆಗೆ ಹಾಕಿ, ಕುಂಕುಮ ಹಚ್ಚಿ, ಅರಿಶಿನದ ದಾರ ಸುತ್ತಿ ಸುತ್ತಿ ಗಂಟು ಬಿಗಿದಳು. ಕೋಪ ಬಂದವರ ಬಾಯಿ ಕಟ್ಟುವವಳ ಹಾಗೆ.

ಅಕ್ಟೋಬರ್ 4, ಶನಿವಾರ

ಕಲ್ಲಿನಾಥ ಬದುಕಿದ್ದಾನೆ.

ಬರೆಯಲಾಗುತ್ತಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು. ಕುಂಕುಮ ಯಾವುದು…

ಅಕ್ಟೋಬರ್ 6, ಸೋಮವಾರ

ಆಫೀಸಿಗೆ ಹೋಗಿಲ್ಲ. ನಡೆದದ್ದು ನಡೆದ ಹಾಗೆ ಬರೆಯಬೇಕು.

ದೇವಸ್ಥಾನದ ಲಾಟಿನಲ್ಲಿ ಕಾರುಗಳ ಸಾಲು. ಪಕ್ಕದ ಮೇಜಿನ ಮೇಲೆ ಪೂಜೆಗಿಟ್ಟ ಲ್ಯಾಪ್‌ಟಾಪು, ಡ್ರಿಲ್ಲು, ಯಾರೋ ಡಾಕ್ಟರ ಸ್ಟೆತಸ್ಕೋಪು. ನಡುವೆ ನನ್ನ ಕೊಡಲಿ. ಲಾಟಿನ ಅಂಚಿಗೆ ಮಳೆನೀರು ನಿಲ್ಲುವ ಕೊಳ. ಕಲ್ಲಿನಾಥನ ಕಾರು ಆ ಕಡೆಗೇ ಮುಖ ಮಾಡಿತ್ತು. ಭಟ್ಟರು ಮಂತ್ರ ಹೇಳಿ, ಕಾಯಿ ಒಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಪೂಜೆಗೆಂದು ಚಪ್ಪಲಿ ಬಿಟ್ಟಿದ್ದ ಕಲ್ಲಿನಾಥ ಬರಿಗಾಲಲ್ಲೇ ಹತ್ತಿದ. ಒಡೆದ ಕಾಯಿಯ ನೀರು ತುಳಿದ ಕಾಲು. ‘ಸಾವಕಾಶ ರೀ’ ಎಂದು ದೀಪ್ತಿ ಕೂಗಿದಳು, ಫೋನಿನಲ್ಲಿ ವಿಡಿಯೊ ಹಿಡಿಯುತ್ತ. ಒದ್ದೆ ಪಾದ ಬ್ರೇಕಿನಿಂದ ಜಾರಿ ಪಕ್ಕದ ಪೆಡಲ್ಲಿನ ಮೇಲೆ ಬಿತ್ತಂತೆ. ಎಲೆಕ್ಟ್ರಿಕ್ ಕಾರು, ಸದ್ದೇ ಇಲ್ಲ. ನಿಂಬೆಹಣ್ಣು ಅಪ್ಪಚ್ಚಿ, ಕಟ್ಟೆ ಹಾರಿ, ಹಾರದ ಸಮೇತ ಕೊಳದೊಳಗೆ.

ಮೂತಿ ಮುಳುಗಿತು. ಹಿಂಭಾಗ ನೀರಿನ ಮೇಲೆ. ಬಾಗಿಲು ತೆರೆಯಲಿಲ್ಲ. ಕಲ್ಲಿನಾಥ ಒಳಗೊಳಗೇ ತೆವಳಿ ಹಿಂದಿನ ಸೀಟಿಗೆ ಬಂದ. ನೀರು ಅವನ ಎದೆಯವರೆಗೆ.

ಮೇಜಿಗೆ ಓಡಿದೆ. ‘ಮುಟ್ಟಬಾರದು’ ಎಂದರು ಯಾರೋ. ಸರಳಾ ಕೂಗಿದಳು: ‘ತಗೊಳ್ಳಿ ರೀ, ತಗೊಳ್ಳಿ!’ ಗಂಟು ಬಿಚ್ಚಲಾಗಲಿಲ್ಲ. ಹಲ್ಲಿನಿಂದ ಹರಿದೆ. ಹೊಸದಾಗಿ ಕೂರಿಸಿದ ಹಲ್ಲು ದಾರದ ಜೊತೆಗೇ ಕಿತ್ತು ಬಂತು. ಬಾಯಿ ತುಂಬ ರಕ್ತ.

ಅದೇ ರುಚಿ.

ನೀರಿಗೆ ಇಳಿದೆ. ಪಕ್ಕದ ಗಾಜಿನ ಹಿಂದೆ ಒಂದು ಮುಖ. ಒಂದು ಕೈ ಗಾಜಿಗೆ ಒತ್ತಿತ್ತು, ಅಲ್ಲಾಡುತ್ತಿತ್ತು. ಹೊಡೆದೆ. ಮೊನೆ ಗಾಜು ದಾಟಿತು, ಕೈ ದಾಟಿತು. ಕಿತ್ತೆ. ಒಳಗಿನ ನೀರು ಕೆಂಪಾಯಿತು. ಮತ್ತೆ ಹೊಡೆದೆ. ಅಲಗು ತಿರುಗಿಸಿ ಹರಿದೆ. ಗಾಜು ಜೋತುಬಿತ್ತು, ಮನುಷ್ಯ ಹೊರಬರುವಷ್ಟು ಜಾಗವಾಯಿತು. ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಲಗು ಭುಜಕ್ಕೆ ಕೂತಾಗ ಮೂಳೆಯ ಸದ್ದು ಕೈಗೆ ಗೊತ್ತಾಯಿತು. ಸರಳಾ ಸೀರೆಯಲ್ಲೇ ನೀರಿಗೆ ಬಿದ್ದು ನನ್ನ ಸೊಂಟ ತಬ್ಬಿ ಹಿಂದಕ್ಕೆಳೆದಳು. ಅವನನ್ನು ಹೊರಗೆ ತೆಗೆದದ್ದು ಬೇರೆಯವರು.

ಜನ ನನ್ನ ಬೆನ್ನು ತಟ್ಟಿದರು. ಕಾಪಾಡಿದ್ರಿ ಸರ್, ಅಂದರು.

ಅಕ್ಟೋಬರ್ 8, ಬುಧವಾರ

ಡಿಟೆಕ್ಟಿವ್ ಬಂದಿದ್ದ. ಸಭ್ಯ ಮನುಷ್ಯ. ಸರಳಾಳ ಮುಂದೆ ಫೋನ್ ಹಿಡಿದ. ದೀಪ್ತಿಯ ವಿಡಿಯೊ, ನಿಂಬೆಹಣ್ಣಿನಿಂದ ಶುರುವಾಗಿ ಕೊನೆಯವರೆಗೆ. ನಾನು ಒಂದೇ ಸಮನೆ ಕೂಗುತ್ತಿದ್ದೇನೆ. ಏನೆಂದು ಕೇಳಿದ.

ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ‘ನಗು! ಈಗ ನಗೋ ನೋಡೋಣ! ಕೊಂದ್ಹಾಕ್ತೀನಿ ನಿನ್ನ!’

ಸರಳಾ ಕಣ್ಣು ಮಿಟುಕಿಸದೆ ಹೇಳಿದಳು: ‘ದೇವರನ್ನ ಕರೀತಿದಾರೆ’ — ಇಂಗ್ಲಿಷಿನಲ್ಲಿ, ಮೆಲ್ಲಗೆ. ಮದುವೆಯಾದಂದಿನಿಂದ ಅವಳು ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ. ಅವನು ಬರೆದುಕೊಂಡು ಹೋದ. ಆಮೇಲೆ ಅವಳು ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದಳು.

ಸಂಜೆ ಆಶ್ರಿತಾ ಫೋನ್. ಯಾರೋ ಅವಳಿಗೂ ಕಳಿಸಿದ್ದಾರೆ. ‘ಅಪ್ಪಾ, ದಟ್ ವಾಸ್ ಕಲ್ಲಿನಾಥ ಅಂಕಲ್. ಡಿಡ್ ಯೂ ನೋ ದಟ್ ವಾಸ್ ಕಲ್ಲಿನಾಥ ಅಂಕಲ್?’

ಗೊತ್ತಿತ್ತು ಪುಟ್ಟಾ, ಅಂದೆ. ಅವಳು ಅಳುತ್ತಿದ್ದಳು. ಇಟ್ಟುಬಿಟ್ಟಳು.

ಅಕ್ಟೋಬರ್ 15, ಬುಧವಾರ, ಸಂಜೆ

ಆಸ್ಪತ್ರೆಯಲ್ಲಿ ಇವತ್ತು ಒಳಗೆ ಬಿಟ್ಟರು. ನಾನು ಬಾಗಿಲಲ್ಲಿ ಕಂಡ ಕೂಡಲೇ ದೀಪ್ತಿ ಎದ್ದು ಹೊರಗೆ ಹೋದಳು.

ಕಲ್ಲಿನಾಥನ ಬಲಗೈ ಬ್ಯಾಂಡೇಜಿನ ಉಂಡೆ. ಬೆರಳು ಮಡಚಲು ಬರುವುದಿಲ್ಲವಂತೆ, ಮುಂದೆಯೂ. ಭುಜದ ತುಂಬ ಹೊಲಿಗೆ. ಆದರೂ ನನ್ನನ್ನು ನೋಡಿ ನಕ್ಕ. ಅವನ ನಗು ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

‘ಕೂಡು ದೋಸ್ತ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ.’

ಕೂತೆ.

‘ನಾ ಕೈಲೆ ಹಿಂದಿನ ಗಾಜು ತೋರಸಲಿಕ್ಕತ್ತಿದ್ದೆ. ಆ ಕಡೆ, ಆ ಕಡೆ ಅಂತ. ಅದು ನೀರಿನ ಮ್ಯಾಲೇ ಇತ್ತಲ್ಲೋ. ಮುಟ್ಟಿದ್ರ ಬೀಳ್ತಿತ್ತು. ನಾನ ಹೇಳಿದ್ದೆ, ನಿನಗೂ ಗೊತ್ತಿತ್ತು. ಬಾಜೂದ್ದಕ್ಕ ಯಾಕ ಬಂದಿ?’

ನೀರು ಕದಡಿತ್ತು ಅಂದೆ. ಗಾಬರಿಯಲ್ಲಿ ತೋಚಲಿಲ್ಲ ಅಂದೆ. ತಲೆಯಾಡಿಸಿದ. ನಂಬಲಿಲ್ಲ, ಆದರೂ ತಲೆಯಾಡಿಸಿದ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ‘ನಾಳಿ ಹೇಳು’ ಅಂದ.

ನಾಳೆ ಹೇಳಬೇಕು. ಈಗಲೇ ಬರೆದಿಟ್ಟುಕೊಂಡರೆ ಬಾಯಿ ಬಂದೀತು. ಹಿಂದಿನ ಗಾಜು ಕಂಡಿತ್ತು, ಕಲ್ಲಿನಾಥ. ನಿನ್ನ ಕೈ ತೋರಿಸುತ್ತಿದ್ದದ್ದೂ ಕಂಡಿತ್ತು. ಅತ್ತ ಹೋಗಿದ್ದರೆ ಗಾಜು ಸುಮ್ಮನೆ ಸುರಿದುಬಿಡುತ್ತಿತ್ತು, ಹೊಡೆಯಲು ಏನೂ ಉಳಿಯುತ್ತಿರಲಿಲ್ಲ. ನನಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ನಿನ್ನನ್ನು ಹೊರಗೆ ತೆಗೆಯುವುದಲ್ಲ, ಯಾರನ್ನಾದರೂ —